ಮರಿಂಬಾಗೆ ಕೊಬ್ಬರಿ ಎಣ್ಣೆ

ಮೂರು ಸಾವಿರದ ನೂರು ಯೂರೋ. ಮಾರಿದವರು ಹೇಳಿದ್ದು ಮೂರು ಸಾವಿರದ ಆರುನೂರು, ನಾನು ಕೊಟ್ಟಿದ್ದು ಇಷ್ಟು. ಅದೂ ಸೆಕೆಂಡ್ ಹ್ಯಾಂಡ್. ಕೇಳಿದವರೆಲ್ಲ, "ಒಂದು ಮರದ ಸಾಮಾನಿಗೆ ಇಷ್ಟಾ?" ಅಂತ ಹುಬ್ಬೇರಿಸ್ತಾರೆ. ಏರಿಸಲಿ. ಹೊಸದಕ್ಕೆ ಹೋದರೆ ಇದರ ಮೂರು ಪಟ್ಟು ಬೀಳುತ್ತೆ ಅಂತ ಗೊತ್ತಾದಾಗ ಅದೇ ಹುಬ್ಬು ತಾನಾಗಿ ಇಳಿಯುತ್ತೆ.

ಯಾಕೆ ಅಷ್ಟು ಅಂತಲೂ ಹೇಳಿಬಿಡ್ತೀನಿ. ಮರಿಂಬಾ ಅಂದ್ರೆ ಮರದ ಪಟ್ಟಿಗಳನ್ನ ಪಿಯಾನೋ ಮನೆಗಳ ಹಾಗೆ ಎರಡು ಸಾಲಾಗಿ ಜೋಡಿಸಿ, ನೂಲು ಸುತ್ತಿದ ತಲೆಯ ಕೋಲುಗಳಿಂದ ಬಾರಿಸೋ ವಾದ್ಯ. ನಮ್ಮ ಜಲತರಂಗದಲ್ಲಿ ಬಟ್ಟಲಿದ್ದ ಜಾಗದಲ್ಲಿ ಇಲ್ಲಿ ಮರ. ನಮ್ಮ ಮನೆಯದರಲ್ಲಿ ಐವತ್ತೆರಡು ಪಟ್ಟಿಗಳಿವೆ. ಒಂದೊಂದನ್ನೂ ಹೊಟ್ಟೆಯ ಕಡೆ ಕಮಾನಿನ ಹಾಗೆ ಕೆತ್ತಿ, ಕೂದಲೆಳೆಯಷ್ಟು ಕೆತ್ತಿ, ಮತ್ತೆ ಕೇಳಿ ಸ್ವರಕ್ಕೆ ತಂದಿರ್ತಾರೆ. ಒಂದೊಂದರ ಕೆಳಗೂ ಒಂದೊಂದು ಲೋಹದ ಕೊಳವೆ, ಸದ್ದನ್ನ ಹಿಡಿದು ದೊಡ್ಡದು ಮಾಡೋಕೆ. ಮರ ನಮ್ಮ ಬೀಟೆಯ ದಾಯಾದಿ, ಮಧ್ಯ ಅಮೆರಿಕದ್ದು. ಅದನ್ನ ಕಡಿಯೋಕೆ, ಗಡಿ ದಾಟಿಸೋಕೆ ಈಗ ಕಾನೂನು ಬಿಗಿ. ಹಾಗಾಗಿ ಹಳೇ ಮರಿಂಬಾಗೆ ಹಳೇ ಕಾರಿನ ಹಾಗೆ ಬೆಲೆ ಬೀಳಲ್ಲ. ಇಷ್ಟೆಲ್ಲ ಲೆಕ್ಕ ಹಾಕಿಯೇ ನಾನು ಕೈ ಹಾಕಿದ್ದು.

ಲೆಕ್ಕ ಹಾಕೋದು ನನಗೆ ಹುಟ್ಟಿನಿಂದ ಬಂದಿದೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನಮ್ಮಪ್ಪ ಉಂಡೆ ಕೊಬ್ಬರಿ ವಿಂಗಡಿಸೋ ಕೆಲಸದಲ್ಲಿದ್ದರು. ಕಾಯನ್ನ ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯಾ, ಕೊಳೆತಿದೆಯಾ ಅಂತ ಒಡೆಯದೇ ಹೇಳೋರು. ಆ ತಟ್ಟೋ ವಿದ್ಯೆ ನನಗೂ ಬಂತು. ಮದುವೆಯಾಗಿ ನೆದರ್ಲ್ಯಾಂಡ್ಸಿಗೆ ಬಂದಾಗ ಗಂಡನ ಪರ್ಮಿಟ್ಟಿನ ಬಾಲವಾಗಿ ಬಂದವಳು ನಾನು. ಬೆಸ್ಟ್ ಅನ್ನೋ ಊರಿನ ನಮ್ಮ ಅಡುಗೆಮನೆಯಲ್ಲಿ ಒಂದು ಗ್ರೈಂಡರ್ ಇಟ್ಟುಕೊಂಡು ದೋಸೆ ಹಿಟ್ಟು ರುಬ್ಬೋಕೆ ಶುರು ಮಾಡಿದೆ. ಈಗ ಅದೇ ಒಂದು ಸಣ್ಣ ಅಂಗಡಿಯಾಗಿದೆ, ಒಣ ಅಕ್ಕಿ ಹಿಟ್ಟೂ ಮಾರ್ತೀನಿ. ಪಕ್ಕದ ಐಂಡ್‌ಹೋವನ್ ಸುತ್ತಮುತ್ತ ನಮ್ಮ ಹಿಟ್ಟು ಹೋಗದ ಕನ್ನಡದ ಮನೆ ಕಡಿಮೆ. ತೆಲುಗರೂ ತಗೊಳ್ತಾರೆ, ತಮಿಳರೂ ತಗೊಂಡು ಹುಳಿ ಕಡಿಮೆ ಅಂತ ಹೇಳಿ ಮತ್ತೆ ತಗೊಳ್ತಾರೆ. ಉದ್ದಿನ ಬೇಳೆ ಮೂಟೆಗೆ ಚೌಕಾಸಿ ಮಾಡಿದವಳಿಗೆ ಮರಿಂಬಾ ಯಾವ ಲೆಕ್ಕ ಅಂತ ಹೊರಟೆ.

ಬೇಕಾಗಿದ್ದು ಮಗಳಿಗೆ. ಈ ಬ್ರಬಾಂಟ್ ಸೀಮೆಯಲ್ಲಿ ಊರಿಗೊಂದು ಬ್ಯಾಂಡ್ ಇರುತ್ತೆ. ಹಾರ್ಮನಿ ಅಂತಾರೆ. ಊದೋ ವಾದ್ಯದವರು ಮುಂದೆ, ಬಾರಿಸೋರು ಹಿಂದೆ. ಅಂಚೆ ಹಂಚೋರು, ಶಾಲೆಯ ಟೀಚರು, ಬೇಕರಿಯವರು, ಎಲ್ಲ ಗುರುವಾರ ಸಂಜೆ ಸೇರಿ ಅಭ್ಯಾಸ ಮಾಡಿ, ವರ್ಷಕ್ಕೆರಡು ಸಲ ಕಚೇರಿ ಕೊಡ್ತಾರೆ. ನನ್ನ ಮಗಳು ಹನ್ನೆರಡನೇ ವಯಸ್ಸಿಗೆ ಅಲ್ಲಿಗೆ ಸೇರಿದಳು. ಎರಡು ವರ್ಷ ಅತ್ಯಂತ ಹಿಂದೆ ನಿಂತು ತ್ರಿಕೋನದ ಕಂಬಿ ಹಿಡಿದುಕೊಂಡಿದ್ದಳು. ಅರವತ್ತು ತಾಳ ಎಣಿಸಿ ಒಂದು ಸಲ 'ಟಿಣ್' ಅನ್ನಿಸೋದು. ಆ ಟಿಣ್ ನೋಡೋಕೆ ನಾವು ಟಿಕೆಟ್ ಕೊಂಡು ಹೋಗಿ ಕೂರೋದು. ಆಮೇಲೆ ಬ್ಯಾಂಡಿನ ಮರಿಂಬಾ ಮೇಲೆ ಕೈ ಆಡಿಸೋಕೆ ಬಿಟ್ಟರು. ಅವತ್ತು ಮನೆಗೆ ಬಂದವಳು ಊಟದ ಮೇಜನ್ನ ಬಾರಿಸುತ್ತ ಊಟವನ್ನೇ ಮರೆತಳು.

ಮಾರೋಕಿದ್ದ ಮನುಷ್ಯ ಬೆಸ್ಟ್‌ನಿಂದ ಅರ್ಧ ಗಂಟೆ ದೂರದ ಹಳ್ಳಿಯವರು. ಸುತ್ತಲಿನ ಬ್ಯಾಂಡುಗಳ ಮಕ್ಕಳಿಗೆ ನಲವತ್ತು ವರ್ಷ ತಾಳವಾದ್ಯ ಕಲಿಸಿದ ಮೇಷ್ಟ್ರು. ಭುಜ ನೋವು ಬಂದು ಬಾರಿಸೋದು ನಿಲ್ಲಿಸಿದ್ದರು. ಕಾಫಿ ಕೊಟ್ಟರು, ಜೊತೆಗೆ ಒಂದೇ ಒಂದು ಬಿಸ್ಕತ್ತು, ಡಬ್ಬಿ ಮುಚ್ಚಿಬಿಟ್ಟರು. ಅಲ್ಲಿಗೆ ಈತ ಲೆಕ್ಕದ ಮನುಷ್ಯ ಅಂತ ನನಗೆ ಖುಷಿಯಾಯ್ತು.

ನಾನು ಎದ್ದು, ಸೆರಗು ಸಿಕ್ಕಿಸಿಕೊಂಡವರ ಹಾಗೆ ಜಾಕೆಟ್ ತೋಳು ಮೇಲೆಳೆದುಕೊಂಡು, ಗೆಣ್ಣಿನಿಂದ ಪಟ್ಟಿಗಳನ್ನ ತಟ್ಟುತ್ತ ಬಂದೆ. ಟಕ್. ಟಕ್. ಟಕ್.

"ನೋಡಿ ಸಾರ್, ಇದು ಸತ್ತಿದೆ. ಇದೂ ಸತ್ತಿದೆ. ಈ ಕಡೆ ಮೂರು ಹೋಗಿವೆ."

ಮೇಷ್ಟ್ರು ನನ್ನನ್ನ ನೋಡಿದರು. ಮಗಳು ನೆಲ ನೋಡಿದಳು.

"ಮೆವ್ರಾವ್," ಅಂದರು. ಇಲ್ಲಿ ಹೆಂಗಸರನ್ನ ಮರ್ಯಾದೆಯಿಂದ ಕರೆಯೋದು ಹಾಗೆ. "ಹುಡುಗಿ ಸ್ವಲ್ಪ ಬಾರಿಸಲಿ."

ಮಗಳು ಬಾರಿಸಿದಳು. ಒಂದೊಂದು ಕೈಯಲ್ಲಿ ಎರಡೆರಡು ಕೋಲು. ಏನು ಬಾರಿಸಿದಳೋ ನನಗೆ ಗೊತ್ತಿಲ್ಲ, ನಾನು ಅವರ ಮುಖ ನೋಡ್ತಾ ಇದ್ದೆ. ವ್ಯಾಪಾರದಲ್ಲಿ ಸಾಮಾನಿಗಿಂತ ಮುಖ ನೋಡಬೇಕು. ಅವರು ಕಣ್ಣು ಮುಚ್ಚಿ ಕೇಳಿ, ಕಣ್ಣು ಬಿಟ್ಟು, "ಮೂರು ಸಾವಿರದ ನೂರು," ಅಂದರು. ನಾನು ಚೌಕಾಸಿಗೆ ಇನ್ನೂ ಬಾಯಿ ತೆರೆದಿರಲಿಲ್ಲ! ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ. ಕೊನೆಗೆ ಒಂದೇ ಮಾತು ಹೇಳಿದರು: "ಮರಕ್ಕೆ ಏನಾದರೂ ಮಾಡೋ ಮೊದಲು ನನಗೊಂದು ಫೋನ್ ಮಾಡಿ." ತಲೆಯಾಡಿಸಿದೆ. ಇಂಥ ಮಾತಿಗೆ ತಲೆಯಾಡಿಸೋಕೆ ಖರ್ಚೇನಿಲ್ಲವಲ್ಲ.

ಹಿಟ್ಟು ಸಾಗಿಸೋ ನಮ್ಮ ವ್ಯಾನಿನಲ್ಲಿ ಬಿಚ್ಚಿದ ಮರಿಂಬಾ ತುಂಬಿಕೊಂಡು ಬರುವಾಗ ಮಗಳು ಬಾಯಿ ಬಿಟ್ಟಳು.

"ಅಮ್ಮ, ನೀನು ತಟ್ಟಿದ್ದು ಪಟ್ಟಿ ತೂಗುಬಿಡೋ ದಾರ ತೂರಿಸಿರೋ ಜಾಗ. ಅಲ್ಲಿ ಹೊಡೆದ್ರೆ ಯಾವ ಮರಿಂಬಾನೂ ಸೌಂಡ್ ಮಾಡಲ್ಲ."

"ಅವರಿಗೆ ಅದು ಗೊತ್ತಿರಲಿಲ್ವಾ?"

"ಫಾರ್ಟಿ ಇಯರ್ಸ್ ಅದನ್ನೇ ಟೀಚ್ ಮಾಡಿದಾರೆ!"

"ಮತ್ತೆ ಯಾಕೆ ಕಮ್ಮಿ ಮಾಡಿದ್ರು?"

"ನೀನು ಇನ್ನೂ ತಟ್ತಾ ಇರ್ತೀಯಾ ಅಂತ ಭಯ ಆಗಿರ್ಬೇಕು."

ಮನೆಗೆ ಬಂತು. ಸೋಫಾ ಹೊರಗೆ ಹೋಯ್ತು. ಇಲ್ಲಿಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿರೋದರಿಂದ ಎರಡೂ ಪಕ್ಕದ ಮನೆಯವರ ಹತ್ತಿರ ನಾನೇ ಹೋಗಿ, ದಿನಾ ನಾಲ್ಕೂವರೆಯಿಂದ ಆರು ಅಂತ ಮಾತಾಡಿಕೊಂಡು, ಮಾತಿನ ತೂಕಕ್ಕೆ ಒಂದೊಂದು ಡಬ್ಬಿ ನಿಪ್ಪಟ್ಟು ಇಟ್ಟು ಬಂದೆ. ಎಡಗಡೆಯ ಅಜ್ಜಿ ಈಗ ಆರು ಗಂಟೆಗೆ ಬಾರಿಸೋದು ನಿಂತರೆ ಗೋಡೆ ಬಡಿದು, ಯಾಕೆ ನಿಲ್ಲಿಸಿದೆ ಅಂತ ಕೇಳ್ತಾರೆ.

ಆ ಸದ್ದನ್ನ ಹೇಗೆ ಹೇಳಲಿ. ಮೇಲಿನ ಪಟ್ಟಿಗಳು ಹನಿ ಬಿದ್ದ ಹಾಗೆ. ಮಧ್ಯದವು ಯಾರೋ ಬೆಚ್ಚಗಿನ ಬಾಯಿಂದ ಮಾತಾಡಿದ ಹಾಗೆ. ಕೆಳಗಿನವು ಕಿವಿಗಿಂತ ಮೊದಲು ಅಂಗಾಲಿಗೆ ಕೇಳ್ತವೆ. ನಾನು ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಂತು ಉದ್ದು ತೊಳೆಯುವಾಗ ನೆಲದ ಹಲಗೆಯಿಂದ ಹತ್ತಿಕೊಂಡು ಬರೋದು. ಊರಿಂದ ವಿಡಿಯೋದಲ್ಲಿ ನೋಡಿದ ನಮ್ಮತ್ತೆ, "ಚೆನ್ನಾಗಿದೆ ಕಣೇ, ಆದ್ರೆ ಗಮಕ ಬರಲ್ವಲ್ಲ," ಅಂದರು. ಬರಲ್ಲ, ನಿಜ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೆ ಮರ ಬಿಡಲ್ಲ. ಆದರೆ ಎರಡು ಕೋಲಿಂದ ಬಿಡದೇ ನಡುಗಿಸಿದರೆ ಸ್ವರ ನಿಲ್ಲುತ್ತೆ, ಉಸಿರಾಡುತ್ತೆ. ನಾನು ಅದಕ್ಕೇ ತೃಪ್ತಿ ಪಟ್ಟುಕೊಂಡೆ.

ಕಳೆದ ಶರತ್ಕಾಲದಲ್ಲಿ ಬ್ಯಾಂಡಿನ ನಿರ್ದೇಶಕಿ ಒಂದು ಹೊಸ ಕೃತಿ ಆರಿಸಿದರು. ಮೊದಲ ಮೂರು ನಿಮಿಷ ಮರಿಂಬಾ ಒಂದೇ, ಆಮೇಲೆ ಇಡೀ ಬ್ಯಾಂಡ್. ಬ್ಯಾಂಡಿನ ಹಳೇ ಮರಿಂಬಾಗೆ ಕೆಳಗಿನ ಸ್ವರಗಳು ಇರಲಿಲ್ಲ, ನಮ್ಮದಕ್ಕೆ ಇದ್ದವು. ಆ ಮೂರು ನಿಮಿಷವನ್ನ ನನ್ನ ಮಗಳಿಗೆ ಕೊಟ್ಟರು. ಎರಡು ವರ್ಷ ಟಿಣ್ ಅನ್ನಿಸಿದವಳಿಗೆ ಮೂರು ನಿಮಿಷ! ಕಚೇರಿ ನವೆಂಬರಿನಲ್ಲಿ. ಅದಕ್ಕೆ ಮೂರು ವಾರ ಮುಂಚೆ ನವರಾತ್ರಿ ಬಂತು.

ನಮ್ಮನೆಯಲ್ಲಿ ನವರಾತ್ರಿ ಅಂದ್ರೆ ತಮಾಷೆಯಲ್ಲ. ಸರಸ್ವತಿ ಪೂಜೆಯ ದಿನ ಪುಸ್ತಕ, ವಾದ್ಯ ಪೂಜೆಗಿಟ್ಟರೆ ದಶಮಿಯಲ್ಲಿ ತೆಗೆಯೋವರೆಗೂ ಓದೋ ಹಾಗಿಲ್ಲ, ಬಾರಿಸೋ ಹಾಗಿಲ್ಲ. ನವಮಿಗೆ ಗ್ರೈಂಡರ್, ವ್ಯಾನು, ಮೂರು ಸೈಕಲ್ಲು, ಗಂಡನ ಲ್ಯಾಪ್‌ಟಾಪು. ಮಗಳು, "ಮೂರು ದಿನಾನಾ?" ಅಂತ ಕೂಗಿದಳು. "ಕೈಗೆ ರೆಸ್ಟು," ಅಂದೆ. ಗೊಣಗಿಕೊಂಡು ಕೋಲು ಎತ್ತಿಕೊಂಡು ಮೇಲೆ ಹೋಗಿ ದಿಂಬಿನ ಮೇಲೆ ಬಾರಿಸೋಕೆ ಶುರು ಮಾಡಿದಳು. ದಿಂಬಿಗೆ ನಾನು ಪೂಜೆ ಮಾಡಿರಲಿಲ್ಲವಲ್ಲ.

ಅವಳು ಶಾಲೆಗೆ ಹೋದ ಮೇಲೆ ನಾನು ಮರಿಂಬಾ ಮುಂದೆ ನಿಂತೆ. ಹೀಟರ್ ಶುರುವಾಗಿ ಮರ ಒಣಗಿದ ಹಾಗೆ ಕಂಡಿತು, ಸ್ವಲ್ಪ ಬೂದಿ ಬಣ್ಣ. ನಮ್ಮೂರಲ್ಲಿ ಬೀಟೆ ಮಂಚಕ್ಕೆ, ಬಾಗಿಲಿಗೆ, ಒನಕೆಗೆ ಹಬ್ಬದ ದಿನ ಎಣ್ಣೆ ಕೈ ಆಡಿಸದೇ ಇದ್ದರೆ ಮನಸ್ಸು ಒಪ್ಪಲ್ಲ. ಊರಿಂದ ತಂದ ಗಾಣದ ಕೊಬ್ಬರಿ ಎಣ್ಣೆ ಇತ್ತು. ಉಗುರುಬೆಚ್ಚಗೆ ಕಾಯಿಸಿದೆ. ಐವತ್ತೆರಡು ಪಟ್ಟಿಗೂ, ಮೇಲೂ ಕೆಳಗೂ, ಕೊನೆಗಳಿಗೂ, ಎಣ್ಣೆ ಸ್ನಾನಕ್ಕೆ ಮಗು ಕೂರಿಸಿ ಹಚ್ಚಿದ ಹಾಗೆ ಹಚ್ಚಿದೆ. ಮರ ಕುಡಿಯಿತು. ಕುಡಿದಷ್ಟೂ ಕೊಟ್ಟೆ. ಬೂದಿ ಬಣ್ಣ ಹೋಗಿ ಖರ್ಜೂರದ ಬಣ್ಣ ಬಂತು. ಗಂಧ, ಕುಂಕುಮ ಇಟ್ಟು, ನನ್ನ ಮದುವೆಯ ರೇಷ್ಮೆ ಸೀರೆ ಹೊದಿಸಿ, ಕಣ್ತುಂಬ ನೋಡಿದೆ. ಮೇಷ್ಟ್ರ ಫೋನಿನ ಮಾತು ನೆನಪಾಗಲೇ ಇಲ್ಲ. ದೇವರ ಕೆಲಸಕ್ಕೆ ಯಾರನ್ನ ಕೇಳಬೇಕು?

ದಶಮಿಯ ದಿನ ಮಗಳೇ ಸೀರೆ ತೆಗೆದಳು. ಪಟ್ಟಿಗಳ ಮೇಲೆಲ್ಲ ಬಿಳೀ ಪೊರೆ. ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆ ಅಂದ್ರೆ ನೀರಿನ ಹಾಗೆ. ಇಲ್ಲಿ ನನ್ನ ಗಂಡ ಥರ್ಮೋಸ್ಟಾಟನ್ನ ಹದಿನೆಂಟಕ್ಕಿಂತ ಮೇಲೆ ಏರೋಕೆ ಬಿಡಲ್ಲ. ಎಣ್ಣೆ ಮರದೊಳಗೆ ಇಳಿದು ಅಲ್ಲೇ ತುಪ್ಪದ ಹಾಗೆ ಗಟ್ಟಿಯಾಗಿತ್ತು.

ಅವಳು ಕೋಲೆತ್ತಿ ಕೆಳಗಿನ ಪಟ್ಟಿಗೆ ಹೊಡೆದಳು. ಧಪ್. ಪಕ್ಕದ್ದು. ಧಪ್. ಒದ್ದೆ ರಗ್ಗು ಕೊಡವಿದ ಹಾಗೆ.

"ಏನ್ ಮಾಡ್ದೆ?" ಅಂದಳು.

"ಎಣ್ಣೆ ಹಚ್ಚಿದೆ ಕಣೇ, ಒಳ್ಳೇದಾಗ್ಲಿ ಅಂತ..."

ಅವಳಿಗೆ ಸ್ವಲ್ಪ ಸಿಟ್ಟು ಬಂದರೆ ಇಂಗ್ಲಿಷು, ಜಾಸ್ತಿ ಬಂದರೆ ಡಚ್ಚು. ಅವತ್ತು ಯಾವ ಭಾಷೆಯೂ ಬರಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಮೂರು ನಿಮಿಷವನ್ನ ನನ್ನ ಎರಡು ಕೈಗಳೇ ತಿಂದುಹಾಕಿದ್ದವು.

ಮೇಷ್ಟ್ರಿಗೆ ಫೋನ್ ಮಾಡಿದೆ.

"ಎಷ್ಟು ಎಣ್ಣೆ?" ಅಂತ ಕೇಳಿದರು.

"ಒಂದು ಬಟ್ಟಲು."

"ಎಷ್ಟು?" ಅಂತ ಮತ್ತೆ ಕೇಳಿದರು.

"ಎರಡು ಬಟ್ಟಲು," ಅಂದೆ.

"ಒಂದೇ ಕಡೆಗಾ?"

"ಎರಡೂ ಕಡೆಗೆ. ಕೊನೆಗಳಿಗೂ."

"ಬರ್ತೀನಿ," ಅಂದು ಇಟ್ಟರು.

ಮಧ್ಯಾಹ್ನವೇ ಬಂದರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ದಾರ ಎಳೆದು, ಪಟ್ಟಿಗಳನ್ನೆಲ್ಲ ಊಟದ ಮೇಜಿನ ಮೇಲೆ, ನೆಲದ ಮೇಲೆ ಅಂಗಡಿಯ ಜಾಹೀರಾತು ಹಾಳೆ ಹಾಸಿ ಸಾಲಾಗಿ ಮಲಗಿಸಿದರು. ಇಲ್ಲಿ ಮನೆ ಒರೆಸೋಕೆ ಸ್ಪಿರಿಟ್ ಸಿಗುತ್ತೆ, ಅದರಲ್ಲಿ ಬಟ್ಟೆ ಅದ್ದಿ ಒಂದೊಂದನ್ನೂ ಒರೆಸಿದರು. ಕುಂಕುಮ ಹೋಯ್ತು, ಪೊರೆ ಹೋಯ್ತು. ಸದ್ದು ಬರಲಿಲ್ಲ.

"ಮೇಲಿನದು ಹೋಗಿದೆ. ಒಳಗಿಳಿದಿರೋದು ತೂಕ," ಅಂದರು. "ತೂಕ ಏರಿದರೆ ಸ್ವರ ಇಳಿಯುತ್ತೆ, ದನಿಯೂ ಕಟ್ಟುತ್ತೆ. ಸರಿ ಮಾಡೋ ಕಾರ್ಖಾನೆ ಇದೆ. ಎರಡು ತಿಂಗಳು ಕಾಯಬೇಕು."

ನಿರ್ದೇಶಕಿಗೆ ಫೋನ್ ಮಾಡಿದೆ. ಆಕೆಯೂ ಡಚ್ಚರ ರೀತಿಯಲ್ಲಿ ನೇರವಾಗಿ ಹೇಳಿದರು: ಬರೋ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರದ ಅಭ್ಯಾಸಕ್ಕೆ ವಾದ್ಯ ಸ್ವರದಲ್ಲಿರಬೇಕು, ಇಲ್ಲದಿದ್ದರೆ ಆ ಕೃತಿ ಬಿಟ್ಟು ಬೇರೆ ಹಾಕ್ತೀವಿ. ಹತ್ತು ದಿನವೂ ಇರಲಿಲ್ಲ.

ಮೇಷ್ಟ್ರು ಕಾಫಿ ಕುಡೀತಾ ಇದ್ದರು. ನಾನು ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಆ ಎಣ್ಣೆ ಮಕ್ಕಳನ್ನ ನೋಡ್ತಾ ನಿಂತೆ. ಸಂಗೀತ ನನಗೆ ಗೊತ್ತಿಲ್ಲ. ಕೊಬ್ಬರಿ ಎಣ್ಣೆ ಗೊತ್ತು. ಅದು ಎಲ್ಲಿ ಕೂತಿದ್ದರೂ ಹೇಗೆ ಎಬ್ಬಿಸಬೇಕು ಅಂತ ಗೊತ್ತು. ಬಿಸಿಲಿಗಿಟ್ಟರೆ ಕರಗುತ್ತೆ, ಒಣ ಹಿಟ್ಟು ಹಾಕಿದರೆ ಹಿಟ್ಟು ಕುಡಿಯುತ್ತೆ. ತಲೆಗೆ ಹಚ್ಚಿದ ಎಣ್ಣೆಯನ್ನ ಕಡಲೆಹಿಟ್ಟಿನಲ್ಲಿ ತೆಗೆಯಲ್ವಾ?

ಹೇಳಿದೆ. ಅವರು ಕಪ್ಪು ಕೆಳಗಿಟ್ಟರು.

"ಮೆವ್ರಾವ್, ಅದು ಮರ. ತಲೆಗೂದಲಲ್ಲ."

"ಒಂದು ಪಟ್ಟಿ ಕೊಡಿ ಸಾರ್. ಅತ್ಯಂತ ಮೇಲಿನದು, ಅವಳಿಗೆ ಕಮ್ಮಿ ಬೇಕಾಗಿರೋದು. ಹಾಳಾದರೆ ಒಂದೇ ತಾನೇ."

ಬಹಳ ಯೋಚಿಸಿ, "ಇಪ್ಪತ್ತೇಳು ಡಿಗ್ರಿಗಿಂತ ಹೆಚ್ಚು ಬೇಡ. ಮರ ಸೀಳುತ್ತೆ," ಅಂದರು. ಹಾಗಂದ್ರೆ ಒಪ್ಪಿಗೆ.

ಮೇಲಿನ ಸಣ್ಣ ರೂಮಿನ ಹೀಟರನ್ನ ಏರಿಸಿ, ಒಂದು ಪಾತ್ರೆಯಲ್ಲಿ ನೀರಿಟ್ಟು, ಪಟ್ಟಿಯನ್ನ ನುಣ್ಣನೆಯ ಒಣ ಅಕ್ಕಿ ಹಿಟ್ಟಿನಲ್ಲಿ ಹೂತಿಟ್ಟೆ. ನನ್ನ ಅಂಗಡಿಯ ಹಿಟ್ಟೇ, ಅದಕ್ಕೇನು ಬರ. ಮಾರನೇ ದಿನ ಹಿಟ್ಟು ಹಳದಿ ತಿರುಗಿ ಉಂಡೆ ಕಟ್ಟಿತ್ತು. ಹಲ್ಲುಜ್ಜೋ ಬ್ರಷ್ಷಿನಿಂದ ಕೊಡವಿ ಮೇಷ್ಟ್ರ ಮುಂದೆ ಹಿಡಿದೆ. ಅವರು ದಾರದ ಜಾಗದಲ್ಲಿ ಎರಡು ಬೆರಳಿಂದ ಎತ್ತಿ ಹಿಡಿದು, ಕೋಲಿನಿಂದ ನಡುವೆ ಮುಟ್ಟಿಸಿದರು.

ಟಿಂಗ್.

ಮೇಲೆ ಬಾಗಿಲು ತೆರೆದ ಸದ್ದಾಯ್ತು. ಮೆಟ್ಟಿಲ ಅರ್ಧಕ್ಕೆ ಬಂದು ನಿಂತ ಮಗಳು, "ಇನ್ನೊಂದ್ಸಲ," ಅಂದಳು. ಎರಡು ದಿನದಲ್ಲಿ ನನ್ನ ಎದುರಿಗೆ ಅವಳಾಡಿದ ಮೊದಲ ಮಾತು ಅದು.

ಆಮೇಲೆ ಆ ರೂಮು ತಿಪಟೂರಾಯ್ತು. ನನ್ನ ಗಂಡ ಮೊದಲು ಗ್ಯಾಸ್ ಮೀಟರ್ ನೋಡಿ ಎದೆ ಹಿಡಿದುಕೊಂಡರು, ಆಮೇಲೆ ಬನಿಯನ್ನಿನಲ್ಲಿ ಅಲ್ಲೇ ಕೂತು ಆಫೀಸ್ ಕೆಲಸ ಮಾಡೋಕೆ ಶುರು ಮಾಡಿದರು. "ಏನ್ರೀ, ಬಿಲ್ ಜಾಸ್ತಿ ಬರುತ್ತೆ ಅಂತಿದ್ರಿ?" ಅಂದ್ರೆ, "ಬರೋದು ಹೇಗೂ ಬರುತ್ತೆ, ಬೆವರಾದ್ರೂ ಬರಲಿ," ಅಂದರು. ಮಗಳು ಶಾಲೆಯಿಂದ ಬಂದವಳೇ ಹಿಟ್ಟು ಬದಲಾಯಿಸೋಳು. ಯಾವ ಪಟ್ಟಿ ಎಷ್ಟನೇ ಸಲ ಅಂತ ಅವಳೇ ಚೀಟಿ ಅಂಟಿಸಿದಳು. ನನ್ನ ಜೊತೆ ಮಾತು ಇನ್ನೂ ಅಳತೆಯದ್ದೇ: "ಬ್ರಷ್." "ತಗೋ." "ಇದು ಆಯ್ತು." "ಹೂಂ."

ಮೇಷ್ಟ್ರು ದಿನಾ ಹತ್ತೂವರೆಗೆ ಬರೋರು. ದೋಸೆಯನ್ನ ಫೋರ್ಕಿನಲ್ಲಿ ತಿಂದು, ಎರಡನೇ ದಿನ ಫೋರ್ಕ್ ಬಿಟ್ಟು ಕೈಯಲ್ಲೇ ತಿಂದರು. ತಿನ್ನುತ್ತ ಮರಿಂಬಾ ಕಥೆ ಹೇಳೋರು. ಆಫ್ರಿಕಾದಲ್ಲಿ ಇದರ ಪಟ್ಟಿಗಳ ಕೆಳಗೆ ಕೊಳವೆ ಇರಲಿಲ್ಲವಂತೆ, ಸೋರೆಬುರುಡೆ ಕಟ್ಟೋರಂತೆ. ನಮ್ಮ ತಂಬೂರಿ, ವೀಣೆಗೂ ಬುರುಡೆಯೇ ಅಂತ ನಾನು ಹೇಳಿದಾಗ ಅವರು ತಿನ್ನೋದು ನಿಲ್ಲಿಸಿ ಕೇಳಿದರು. ಗುಲಾಮರಾಗಿ ಹಡಗಿನಲ್ಲಿ ಸಾಗಿಸಲ್ಪಟ್ಟವರ ಕೈಯಲ್ಲಿ ವಾದ್ಯ ಇರಲಿಲ್ಲ, ತಲೆಯಲ್ಲಿತ್ತು. ಮಧ್ಯ ಅಮೆರಿಕದಲ್ಲಿ ಸಿಕ್ಕ ಮರದಲ್ಲಿ ಮತ್ತೆ ಮಾಡಿಕೊಂಡರು. ಅಲ್ಲಿಯ ಊರುಗಳಲ್ಲಿ ಈಗಲೂ ಮದುವೆಗೆ, ಹಬ್ಬಕ್ಕೆ, ಸಾವಿಗೆ ಇದೇ ಬೇಕು. ಒಂದೇ ಮರಿಂಬಾ ಮುಂದೆ ಮೂರು ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ನಿಂತು ಬಾರಿಸ್ತಾರಂತೆ, ಅಪ್ಪ ಮಕ್ಕಳು, ಅಣ್ಣ ತಮ್ಮಂದಿರು. "ಒಬ್ಬರೇ ಬಾರಿಸೋದು ನಮ್ಮ ಕಡೆಯ ಚಾಳಿ," ಅಂದು ನಕ್ಕರು. ಆ ಮನೆತುಂಬ ಹಿಟ್ಟು ಮೆತ್ತಿಕೊಂಡು ನಾವು ನಾಲ್ಕು ಜನ ಒಂದು ಮರಿಂಬಾ ಸುತ್ತ ಕೂತಿದ್ದೆವು. ನಮ್ಮದೂ ಅದೇ ಲೆಕ್ಕಕ್ಕೆ ಸೇರುತ್ತೆ ಅಂತ ನನಗನ್ನಿಸಿತು.

ಒಂದು ದಿನ ಅವರು ಒಂದು ದೊಡ್ಡ ಪಟ್ಟಿಯನ್ನ ಎರಡು ಸ್ಪಂಜಿನ ತುಂಡಿನ ಮೇಲಿಟ್ಟು, ಮೇಲೆ ಚಿಟಿಕೆ ಅಕ್ಕಿ ಹಿಟ್ಟು ಉದುರಿಸಿ, ಮೆಲ್ಲಗೆ ಬಾರಿಸುತ್ತ ಹೋದರು. ಹಿಟ್ಟು ಕುಣಿಯಿತು. ನಡುವಿನಿಂದ ಸರಿದು, ಕೊನೆಗಳಿಂದ ಸರಿದು, ಎರಡು ಗೆರೆಯಾಗಿ ನಿಂತಿತು. ಯಾರೂ ಕೈ ಮುಟ್ಟದೇ ಎಳೆದ ರಂಗೋಲಿ. "ಇಲ್ಲಿ ಮರ ಅಲುಗಾಡಲ್ಲ. ಅದಕ್ಕೇ ಇಲ್ಲಿ ದಾರ," ಅಂದರು. ನಾನು ಅವರ ಮನೆಯಲ್ಲಿ ತಟ್ಟಿದ್ದು ಸರಿಯಾಗಿ ಆ ಗೆರೆಯ ಮೇಲೆ.

ನಾಚಿಕೆಯಾಯ್ತು. ಕೇಳಿಯೇಬಿಟ್ಟೆ: "ಗೊತ್ತಿದ್ದೂ ಯಾಕೆ ಕಮ್ಮಿ ಮಾಡಿದ್ರಿ ಸಾರ್?"

"ನಿಮ್ಮ ತಟ್ಟುವಿಕೆಗೆ ಅಲ್ಲ," ಅಂದರು. "ನೀವು ಆ ಕಡೆ ತಟ್ಟುತ್ತಿದ್ದಾಗ ಈ ಹುಡುಗಿ ನನ್ನ ಹತ್ತಿರ ಬಂದು, 'ಇದು ಹೋದ ಮೇಲೆ ನಿಮಗೆ ಬೇಜಾರಾಗಲ್ವಾ?' ಅಂತ ಕೇಳಿದಳು. ಮರಿಂಬಾ ನೋಡೋಕೆ ಬಂದ ಏಳು ಜನರಲ್ಲಿ ಬೇರೆ ಯಾರೂ ಹಾಗೆ ಕೇಳಿರಲಿಲ್ಲ."

ಮಗಳು ಬ್ರಷ್ಷಿನ ಮೇಲೆ ಬಗ್ಗಿದಳು. ನಾನು ಬಾಗಿಲ ಕಡೆ ಹೋಗಿ ಇನ್ನೊಂದು ಪೊಟ್ಟಣ ಹಿಟ್ಟು ತಂದೆ. ಬೇಕಿರಲಿಲ್ಲ, ಸುಮ್ಮನೆ ತಂದೆ.

ಗುರುವಾರ ಬಂತು. ಐವತ್ತು ಪಟ್ಟಿಗಳು ಸ್ವರಕ್ಕೆ ಬಂದಿದ್ದವು. ಅತ್ಯಂತ ಕೆಳಗಿನ ಎರಡು, ದಪ್ಪ ಮರ, ಇನ್ನೂ ಸ್ವಲ್ಪ ಮಂಕು. ಮೇಷ್ಟ್ರನ್ನೂ ಕೂರಿಸಿಕೊಂಡು ವ್ಯಾನಿನಲ್ಲಿ ಬ್ಯಾಂಡಿನ ಹಾಲ್‌ಗೆ ಒಯ್ದೆವು. ನಿರ್ದೇಶಕಿ, ಏನಾಯ್ತು ಅಂತ ಎಲ್ಲರಿಗೂ ಗೊತ್ತಾಗಲಿ ಅಂದರು. ಹೇಳೋದು ನನ್ನ ಕೆಲಸ ಅಂತ ನಾನೇ ಎದ್ದೆ. ನನ್ನ ಅಂಗಡಿ ಡಚ್ಚಿನಲ್ಲಿ, ನಮ್ಮಲ್ಲಿ ವರ್ಷಕ್ಕೊಮ್ಮೆ ದುಡಿಯೋ ವಸ್ತುಗಳಿಗೆಲ್ಲ ಪೂಜೆ ಮಾಡ್ತೀವಿ, ಪ್ರೀತಿಯಿಂದ ಎಣ್ಣೆ ಹಚ್ಚಿದೆ, ತಪ್ಪು ನನ್ನದು, ಹುಡುಗಿಯದಲ್ಲ ಅಂದೆ. ದೊಡ್ಡ ಕಹಳೆ ಊದೋ ಬೇಕರಿಯವರು ಕೈಯೆತ್ತಿ, "ನನ್ನ ಟ್ಯೂಬಾಗೂ ಪೂಜೆ ಆಗಬೇಕು, ಆದರೆ ಬೆಣ್ಣೆ ಹಚ್ತೀರಾ?" ಅಂದರು. ಛಾವಣಿ ಹಾರೋ ಹಾಗೆ ನಕ್ಕರು. ಮಗಳೂ ನಕ್ಕಳು. ನಾನು ಅದನ್ನ ಓರೆಗಣ್ಣಲ್ಲಿ ನೋಡಿಕೊಂಡೆ.

ನಿರ್ದೇಶಕಿ ನಗಲಿಲ್ಲ. ಶ್ರುತಿ ಅಳೆಯೋ ಯಂತ್ರ ಇಟ್ಟು ಒಂದೊಂದೇ ಪಟ್ಟಿ ಕೇಳಿದರು. ಕೆಳಗಿನ ಎರಡಕ್ಕೆ ಬಂದಾಗ ಮುಖ ಸಿಂಡರಿಸಿದರು. "ಶುರುವಾಗೋದೇ ಇವುಗಳಿಂದ," ಅಂದು, ನನ್ನನ್ನಲ್ಲ, ಮಗಳನ್ನ ಕೇಳಿದರು: "ನೀನು ಹೇಳು. ಬಾರಿಸ್ತೀಯಾ, ಬಿಡೋಣವಾ?"

ನನ್ನ ಬಾಯಿ ಆಗಲೇ ತೆರೆದಿತ್ತು. ಮೇಷ್ಟ್ರು ಮೊಣಕೈಯಿಂದ ತಿವಿದರು. ಮುಚ್ಚಿಕೊಂಡೆ.

ಮಗಳು ಚೀಲದಿಂದ ಬೇರೆ ಎರಡು ಕೋಲು ತೆಗೆದಳು, ತಲೆ ಸ್ವಲ್ಪ ಗಟ್ಟಿ. ಅವನ್ನ ಎಡಗೈಗೆ ಮಾತ್ರ ಹಾಕಿಕೊಂಡು ಮೊದಲ ಸಾಲು ಬಾರಿಸಿದಳು. ಮಂಕು ಪಟ್ಟಿಗಳು ತಲೆಯೆತ್ತಿದವು. ಪೂರ್ತಿ ಅಲ್ಲ, ನಿದ್ದೆಯಿಂದ ಎದ್ದವರ ದನಿ. "ಶುರುವಿನಲ್ಲಿ ಹೀಗೇ ಇರಲಿ," ಅಂದಳು, "ಆಮೇಲೆ ಬೆಳಕಾಗಲಿ." ನಿರ್ದೇಶಕಿ ಯಂತ್ರ ಆಫ್ ಮಾಡಿ, ಪುಸ್ತಕದಲ್ಲಿ ಏನೋ ಗೀಚಿ, "ಎಲ್ಲರೂ ಮೊದಲ ಪುಟಕ್ಕೆ ಬನ್ನಿ," ಅಂದರು. ಅಷ್ಟೇ. ಡಚ್ಚರು ಒಪ್ಪಿಕೊಳ್ಳೋದು ಹೀಗೆ, ಹಾರ ಹಾಕಲ್ಲ.

ಕಚೇರಿಯ ದಿನ ಮೂರನೇ ಸಾಲಿನಲ್ಲಿ ನಾವು ಮೂವರು ಕೂತಿದ್ದೆವು, ನಾನು, ನನ್ನ ಗಂಡ, ಮೇಷ್ಟ್ರು. ಮಗಳು ಬಂದು ನಿಂತಳು, ಹಿಂದಲ್ಲ, ಮುಂದೆ. ಮೊದಲ ಸ್ವರ ನನ್ನ ಕುರ್ಚಿಯ ಕಾಲಿನಿಂದ ಹತ್ತಿ ಬಂತು. ಒಂದು ಕಡೆ ಆ ಮಂಕು ಪಟ್ಟಿಯ ದನಿ ಸ್ವಲ್ಪ ಕಟ್ಟಿತು. ಇಡೀ ಸಭೆಯಲ್ಲಿ ಅದು ಗೊತ್ತಾಗಿದ್ದು ನಾಲ್ಕೈದು ಜನಕ್ಕೆ. ಮೇಷ್ಟ್ರು ನನ್ನ ಕಡೆ ಬಾಗಿ, ಆ ಹತ್ತು ದಿನದಲ್ಲಿ ಕಲಿತ ಏಕೈಕ ಕನ್ನಡ ಪದವನ್ನ ಪಿಸುಗುಟ್ಟಿದರು: "ಕೊಬ್ಬರಿ." ನಾನು ನಗು ತಡೆಯೋಕೆ ಹೋಗಿ ಕಣ್ಣು ಒರೆಸಿಕೊಳ್ಳೋ ಹಾಗಾಯ್ತು. ಮೂರು ನಿಮಿಷ ಮುಗಿದು ಇಡೀ ಬ್ಯಾಂಡ್ ದನಿಗೂಡಿಸಿದಾಗ ಅವಳು ಕೋಲುಗಳನ್ನ ಎದೆಗೊತ್ತಿಕೊಂಡು ಉಸಿರು ಬಿಟ್ಟಿದ್ದು ನನಗೆ ಅಲ್ಲಿಂದಲೇ ಕಾಣಿಸಿತು.

ವಾಪಸ್ ವ್ಯಾನಿನಲ್ಲಿ ಬರುವಾಗ ತಾನಾಗಿಯೇ ಹೇಳಿದಳು: "ಅಮ್ಮ, ಮುಂದಿನ ವರ್ಷಾನೂ ಪೂಜೆ ಮಾಡು. ಬಿಡ್ಬೇಡ. ಆದ್ರೆ ಮೊದ್ಲು ನನ್ನ ಕೇಳು." ಅವಳ ಮಾತಿನಲ್ಲಿ ಅಳತೆ ಇರಲಿಲ್ಲ. ಕೇಳ್ತೀನಿ ಅಂದೆ, ಈ ಸಲ ಬರೀ ತಲೆಯಾಡಿಸಲಿಲ್ಲ.

ಈಗ ನಿಮಗೆ. ಯಾರಾದರೂ ಮನೆಗೆ ಮರಿಂಬಾ ತರೋರಿದ್ದರೆ ಕೇಳಿ. ಹಳೆಯದೇ ತಗೊಳ್ಳಿ, ಆದರೆ ಬಾರಿಸೋಕೆ ಬರೋರನ್ನ ಕರೆದುಕೊಂಡು ಹೋಗಿ, ನೀವು ತಟ್ಟಬೇಡಿ. ಪಟ್ಟಿಯ ನಡುವೆ ಬಾರಿಸಿ ಕೇಳಿ, ತಲೆಕೆಳಗು ಮಾಡಿ ಸೀಳು ಇದೆಯಾ ನೋಡಿ, ದಾರ ಹೊಸದಾಗಿ ಹಾಕಿಸಿಕೊಡಿ ಅಂತ ಬೆಲೆಯಲ್ಲೇ ಸೇರಿಸಿ. ಬಿಚ್ಚಿದ ಮೇಲೂ ಅತ್ಯಂತ ಉದ್ದದ ಕಂಬಿ ನಿಮ್ಮ ಬಾಗಿಲಲ್ಲಿ ತಿರುಗುತ್ತಾ ಅಂತ ಮೊದಲೇ ಟೇಪ್ ಹಿಡಿಯಿರಿ. ಇಲ್ಲಿಯ ಮೆಟ್ಟಿಲು ಏಣಿಯ ಹಾಗಿರುತ್ತವೆ, ಆದ್ದರಿಂದ ಕೆಳಗಿನ ರೂಮಿನಲ್ಲೇ ಜಾಗ ಮಾಡಿ, ಹೀಟರಿನಿಂದ ದೂರ, ಕಿಟಕಿಯ ಬಿಸಿಲಿನಿಂದಲೂ ದೂರ. ಕೆಳಗೆ ದಪ್ಪ ರತ್ನಗಂಬಳಿ ಹಾಸಿ. ಚಳಿಗಾಲದಲ್ಲಿ ರೂಮಿನಲ್ಲಿ ನೀರಿನ ಪಾತ್ರೆ ಇಡಿ. ಒಣ ಬಟ್ಟೆಯಲ್ಲಿ ಒರೆಸೋದು ಬಿಟ್ಟು ಮರಕ್ಕೆ ಏನೂ ಹಚ್ಚಬೇಡಿ. ಪೂಜೆ ಮಾಡಲೇಬೇಕು ಅಂದ್ರೆ ಮಾಡಿ, ಅರಿಶಿನ ಕುಂಕುಮ ಚೌಕಟ್ಟಿನ ಲೋಹಕ್ಕಿಡಿ, ಹೂವು ಕೊಳವೆಗೆ ಕಟ್ಟಿ. ಮಾರಿದವರ ಫೋನ್ ನಂಬರ್ ಇಟ್ಟುಕೊಳ್ಳಿ, ವರ್ಷಕ್ಕೊಂದು ಸಲ ಊಟಕ್ಕೆ ಕರೆಯಿರಿ. ಮಕ್ಕಳ ವಾದ್ಯ ಮಕ್ಕಳದ್ದು. ದುಡ್ಡು ನಿಮ್ಮದಿರಬಹುದು, ಆದರೂ ಅದರ ಮೇಲೆ ಕೈಯಿಡೋ ಮೊದಲು ಅವರನ್ನ ಒಂದು ಮಾತು ಕೇಳಿ. ಕೇಳಿದ ಮೇಲೆ ಅವರು ಬೇಡ ಅಂದ್ರೆ ಚೌಕಾಸಿ ಮಾಡಬೇಡಿ.